ನಕಲು ಮತ್ತು ಖೋಟಾ

ಮೂರು ವರ್ಷದ ಹಿಂದೆ ನನ್ನ ಅಕ್ಕನ ಮಗಳ ಮದುವೆ ಗೊತ್ತಾದಾಗ ಗಂಡಿನ ಕಡೆಯವರು ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಹುಡುಗನ ತಾಯಿ ಮಾತ್ರ ಹೊರಡುವಾಗ, "ದೂಲ್ಹಾನ ಕೈಗೊಂದು ಒಳ್ಳೆಯ ವಾಚು ಇದ್ದರೆ ಚೆಂದ" ಎಂದರು. ಒಳ್ಳೆಯ ವಾಚು ಎಂದರೆ ಯಾವುದು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು.

ಪಾದರಾಯನಪುರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಹೊಲಿಗೆ ಮಿಷನ್ ತುಳಿದು ಮಗಳನ್ನು ಓದಿಸಿದವಳು ನನ್ನ ಆಪಾ. ಮೆಜೆಸ್ಟಿಕ್ ಕಡೆಯ ಒಂದು ಅಂಗಡಿಯಿಂದ ಮೂರು ಸಾವಿರಕ್ಕೆ ಒಂದು 'ರೋಲೆಕ್ಸ್' ತಂದು ನನ್ನ ಮುಂದಿಟ್ಟಳು. ಅಂಗಡಿಯವನು 'ಫಸ್ಟ್ ಕಾಪಿ' ಎಂದು ಹೇಳಿಯೇ ಮಾರಿದ್ದ. "ನೀನು ನಾಲ್ಕು ಅಕ್ಷರ ಕಲಿತವನು, ನೋಡಿ ಹೇಳು, ಚೆನ್ನಾಗಿದೆಯಾ?" ಎಂದಳು.

ಕೈಯಲ್ಲಿಟ್ಟು ತೂಗಿದೆ. ಭಾರವಿತ್ತು. ಚೈನು ಗಟ್ಟಿಯಾಗಿತ್ತು. ಸೆಕೆಂಡಿನ ಮುಳ್ಳು ಅಗ್ಗದ ಬ್ಯಾಟರಿ ವಾಚಿನಂತೆ ಕುಪ್ಪಳಿಸದೆ ನಯವಾಗಿ ಜಾರುತ್ತಿತ್ತು. "ಚೆನ್ನಾಗಿದೆ ಆಪಾ, ಯಾರಿಗೂ ಗೊತ್ತಾಗಲ್ಲ" ಎಂದೆ. ಈ ಎರಡು ಮಾತುಗಳನ್ನು ನಾನು ಒಂದೇ ಉಸಿರಿನಲ್ಲಿ ಹೇಳಿದೆನಲ್ಲ, ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮದುವೆಯಾಗಿ ಎಂಟು ತಿಂಗಳಿಗೆ ಅಳಿಯ ಕೆಂಗೇರಿಯಿಂದ ನನ್ನನ್ನು ಹುಡುಕಿಕೊಂಡು ಬಂದ. ವಾಚಿನ ಗಾಜಿನೊಳಗೆ ಮಂಜು ಕಟ್ಟಿತ್ತು. "ಮಾಮೂ, 300 ಮೀಟರ್ ನೀರಿನವರೆಗೆ ಏನೂ ಆಗಲ್ಲ ಅಂತ ಇದರ ಮೇಲೇ ಬರೆದಿದೆ. ನಾನು ವುಜೂ ಮಾಡುವಾಗ ಸ್ವಲ್ಪ ಮೇಲೆ ಸರಿಸಿಕೊಳ್ಳುತ್ತಿದ್ದೆ, ಅಷ್ಟೆ" ಎಂದ. ಅವನನ್ನು ಏನೋ ಹೇಳಿ ಕಳಿಸಿಬಿಡಬಹುದಿತ್ತು. ತೋಚಲಿಲ್ಲ. ಇಬ್ಬರೂ ವಿಜಯನಗರದ ಒಬ್ಬ ಮುದುಕರ ರಿಪೇರಿ ಅಂಗಡಿಗೆ ಹೋದೆವು. ಜಾಲಹಳ್ಳಿಯ ಎಚ್‌ಎಂಟಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಂದವರು ಅವರು.

ಅವರು ಮೊದಲು ನೋಡಿದ್ದು ತಾರೀಖಿನ ಮೇಲಿನ ಪುಟ್ಟ ಭೂತಗನ್ನಡಿಯನ್ನು. ಅಸಲಿಯಲ್ಲಿ ಅಂಕಿ ಎರಡೂವರೆ ಪಟ್ಟು ದೊಡ್ಡದಾಗಿ ಕಿಟಕಿಯನ್ನು ತುಂಬಿಕೊಳ್ಳುತ್ತದಂತೆ. ಇಲ್ಲಿ ತುಂಬಿರಲಿಲ್ಲ. ಆಮೇಲೆ ಕಿವಿಗಿಟ್ಟುಕೊಂಡರು. ಈಗಿನ ಅಸಲಿ ಗಂಟೆಗೆ 28,800 ಸಲ ಬಡಿಯುತ್ತದೆ, ಎಂದರೆ ಮುಳ್ಳಿಗೆ ಸೆಕೆಂಡಿಗೆ ಎಂಟು ಹೆಜ್ಜೆ. ಇದು 21,600, ಆರೇ ಹೆಜ್ಜೆ. ನಾನು ನಯವೆಂದುಕೊಂಡದ್ದು ಇದೇ. ಹಿಂದಿನ ಮುಚ್ಚಳ ತಿರುಗಿಸಿ ತೆಗೆದಾಗ ನೀರು ತಡೆಯಬೇಕಾದ ರಬ್ಬರ್ ವಾಷರ್ ಕೂದಲೆಳೆಯಂತೆ ಸಡಿಲವಾಗಿ ಬಿದ್ದಿತ್ತು. ಚೀನಾದ ಮಷೀನನ್ನು ಅವರು ಬಹಳ ಹೊತ್ತು ನೋಡಿದರು. "ಮಷೀನ್ ಪರವಾಗಿಲ್ಲ ಸಾರ್. ಎಣ್ಣೆ ಹಾಕಿ ಸರ್ವಿಸ್ ಮಾಡಿಸಿದರೆ ಐದಾರು ವರ್ಷ ಓಡುತ್ತೆ. ಮೇಲೆ ಆ ಹೆಸರೊಂದು ಇಲ್ಲದಿದ್ದರೆ ಇದು ಒಳ್ಳೆ ವಾಚೇ."

ಪಕ್ಕದಲ್ಲಿ ನಿಂತಿದ್ದ ಅಳಿಯ ಎಲ್ಲವನ್ನೂ ಕೇಳಿಸಿಕೊಂಡ. ನನ್ನ ಮುಖ ನೋಡಲಿಲ್ಲ. ರಿಪೇರಿಯ ದುಡ್ಡನ್ನೂ ತಾನೇ ಕೊಟ್ಟ.

ನಾನು ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕುಳಿತವನು. ಅಸಲು, ನಕಲು ಎರಡೂ ಅರಬಿಯಿಂದ ಬಂದು ಕನ್ನಡದಲ್ಲಿ ಮನೆ ಮಾಡಿಕೊಂಡ ಮಾತುಗಳು. ಅಸಲ್ ಎಂದರೆ ಬೇರು. ನಕಲ್ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ಅದರಲ್ಲಿ ಸುಳ್ಳಿನ ವಾಸನೆಯೇ ಇಲ್ಲ. ತಾಲ್ಲೂಕು ಕಚೇರಿಯಲ್ಲಿ ಮೊಹರು ಹಾಕಿ ಕೊಡುವ ನಕಲು ಪ್ರತಿಯನ್ನು ಯಾರೂ ಮೋಸ ಎನ್ನುವುದಿಲ್ಲ. ಉಸ್ತಾದರು ಬರೆದ ಅಲಿಫನ್ನು ನೋಡಿಕೊಂಡು ಹಲಗೆಯ ಮೇಲೆ ನೂರು ಸಲ ತಿದ್ದಿದ್ದೇವೆ. ಆ ಹಲಗೆಯ ಕೆಳಗೆ ಉಸ್ತಾದರ ರುಜು ಹಾಕಿದ್ದರೆ ಬೆತ್ತ ಬೀಳುತ್ತಿತ್ತು. ಅದು ನಕಲಲ್ಲ. ಅದಕ್ಕೆ ಬೇರೆ ಮಾತಿದೆ, ಖೋಟಾ.

ನಮ್ಮ ಎಚ್‌ಎಂಟಿಯೂ ಒಂದರ್ಥದಲ್ಲಿ ನಕಲೇ. 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಹೊರಟಾಗ ಜಪಾನಿನ ಸಿಟಿಜನ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಅವರಿಂದಲೇ ಕಲಿತರು. ಕಲಿತದ್ದರ ಮೇಲೆ ತಮ್ಮದೇ ಹೆಸರು ಬರೆದರು, 'ಜನತಾ'. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ ಮಾಡುತ್ತಿದ್ದ ನನ್ನ ತಂದೆಯ ಕೈಯಲ್ಲಿ ಅದೇ ಇತ್ತು. ದೊಡ್ಡವರ ಕೈಯ ವಾಚಿನಂತೆ ಕಾಣಬೇಕೆಂಬ ಆಸೆ ಅದಕ್ಕಿರಲಿಲ್ಲ.

ಹಾಗಾದರೆ ಖೋಟಾ ವಾಚಿನ ಗುಣಮಟ್ಟ ಎಂದರೇನು? ಒಳ್ಳೆಯ ಕೊಡೆ ಎಂದರೆ ಮಳೆ ತಡೆಯುವುದು. ಒಳ್ಳೆಯ ಖೋಟಾ ಎಂದರೆ ಸಿಕ್ಕಿಬೀಳದ್ದು. ಅದರ ಒಳ್ಳೆಯತನವನ್ನು ಅಳೆಯುವುದು ಕಟ್ಟಿಕೊಂಡವನ ಕಣ್ಣಲ್ಲ, ಎದುರಿಗಿರುವವನ ಕಣ್ಣು. ಹೆಸರಿನ ಕಾಗುಣಿತವೇ ತಪ್ಪಿದ ಕಳಪೆ ಮಾಲು ಯಾರಿಗೂ ಮೋಸ ಮಾಡಲಾರದು. ಕೆಲಸ ಅಚ್ಚುಕಟ್ಟಾದಷ್ಟೂ ಸುಳ್ಳು ಗಟ್ಟಿಯಾಗುತ್ತದೆ. ಹಾಗೆಂದು ಬಡವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಐನೂರು ರೂಪಾಯಿಯ ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸಿ, ಲಕ್ಷಾಂತರ ಬೆಲೆಯ ಸ್ಪ್ರಿಂಗ್ ವಾಚಿಗಿಂತ ಸರಿಯಾದ ಸಮಯ ತೋರಿಸುತ್ತದೆ. ಲಕ್ಷ ಕೊಡುವವನೂ ಕೊಳ್ಳುವುದು ಸಮಯವನ್ನಲ್ಲ, ಹೆಸರನ್ನೇ. ನಮ್ಮ ಆಪಾ ಅದನ್ನಷ್ಟೇ ತಂದಳು.

ಪ್ರವಾದಿ(ಸ)ಯವರು ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟ ಪ್ರಸಂಗ ಓದುಗರಿಗೆ ಗೊತ್ತಿದೆ. ಬೆರಳಿಗೆ ಒದ್ದೆ ತಗುಲಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದರು. ನೆನೆದ ಕಾಳನ್ನು ಎಸೆದುಬಿಡು ಎನ್ನಲಿಲ್ಲ. ಮೆಜೆಸ್ಟಿಕ್ಕಿನ ಅಂಗಡಿಯವನು 'ಫಸ್ಟ್ ಕಾಪಿ' ಎಂದು ಒದ್ದೆಯನ್ನು ಮೇಲೆಯೇ ಇಟ್ಟಿದ್ದ. ಮಖಮಲ್ಲಿನ ಪೆಟ್ಟಿಗೆಗೆ ಹಾಕಿ ಅದನ್ನು ಕೆಳಗೆ ತಳ್ಳಿದವರು ನಾವು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಇಂಥದ್ದನ್ನು ಮಾರುವವನಿಗೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು ಎನ್ನುತ್ತದೆ. 'ಯಾರಿಗೂ ಗೊತ್ತಾಗಲ್ಲ' ಎಂದು ತೀರ್ಪು ಕೊಟ್ಟ ಮಾಮೂಗೆ ಅದರಲ್ಲಿ ಕಲಮು ಇಲ್ಲ.

ತಪ್ಪು ಸರಿಪಡಿಸಿಕೊಳ್ಳೋಣವೆಂದು ಅಳಿಯನಿಗೆ ಒಂದು ಜನತಾ ಹುಡುಕಿದೆ. ಎಚ್‌ಎಂಟಿ ವಾಚಿನ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿದ ಮೇಲೆ ಹಳೆಯ ವಾಚುಗಳಿಗೆ ಗಿರಾಕಿ ಹೆಚ್ಚಿದ್ದಾರೆ. ಸಿಕ್ಕಿದ್ದನ್ನು ಅದೇ ಮುದುಕರಿಗೆ ತೋರಿಸಿದೆ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿ ನಕ್ಕುಬಿಟ್ಟರು. ಮಷೀನು ಜಾಲಹಳ್ಳಿಯದೇ, ಹದಿನೇಳು ಕಲ್ಲಿನದು. ಡಯಲ್ಲು ಮಾತ್ರ ಯಾರೋ ಇತ್ತೀಚೆಗೆ ಬಣ್ಣ ಬಳಿದು ಹೆಸರು ಅಚ್ಚು ಹಾಕಿದ್ದು. "ಈ ನೀಲಿ ನಾವು ಮಾಡಿದ್ದಲ್ಲ ಸಾರ್" ಎಂದರು. ಬಡವರ ವಾಚಿಗೂ ಖೋಟಾ ಬಂದಿತ್ತು.

ಅದನ್ನೇ ಅಳಿಯನಿಗೆ ಕೊಟ್ಟೆ. ಎಷ್ಟು ಕೊಟ್ಟು ತಂದೆ, ಮುದುಕರು ಏನೆಂದರು, ಮದುವೆಗೆ ಮುಂಚೆ ನಾನು ಏನೆಂದಿದ್ದೆ ಎಲ್ಲವನ್ನೂ ಹೇಳಿದೆ. ಅವನು ಕೀ ಕೊಟ್ಟು ಕಿವಿಗಿಟ್ಟುಕೊಂಡ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದಂತೆ. ಪಾದರಾಯನಪುರಕ್ಕೆ ಬರುವಾಗ ಮಾತ್ರ ಅವನು ಇಂದಿಗೂ ಆ ರೋಲೆಕ್ಸನ್ನೇ ಕಟ್ಟಿಕೊಂಡು ಬರುತ್ತಾನೆ. ಆಪಾ ಅವನ ಕೈಯನ್ನು ನೋಡಿ ಚಹಾ ತರಲು ಎದ್ದು ಹೋಗುತ್ತಾಳೆ. ಅವಳಿಗೆ ನಾವಿಬ್ಬರೂ ಇನ್ನೂ ಹೇಳಿಲ್ಲ.