ಕುಸಿಯುವ ಧರೆಯ ಒಕ್ಕಲು

ಮನೆಯ ಹಿಂದಿನ ನೆಲ ವರ್ಷ ವರ್ಷವೂ ನೀರಿಗೆ ಜಾರುತ್ತಿದ್ದರೆ ಯಾರಿಗೂ ನಿದ್ದೆ ಹತ್ತುವುದಿಲ್ಲ. ಕಡಲ್ಕೊರೆತ ಕಂಡ ಉಳ್ಳಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕ್ಯಾಲ್ವರ್ಟ್ ಧರೆಗಳ ಮೇಲೆ ಮನೆ ಕಟ್ಟಿಕೊಂಡವರದೂ ಅದೇ ಚಿಂತೆ. ಚೆಸಪೀಕ್ ಕೊಲ್ಲಿಯ ಪಶ್ಚಿಮ ದಡದಲ್ಲಿ ಕೋಟಿ ವರ್ಷಗಳ ಹಿಂದಿನ ಮರಳು, ಜೇಡಿಮಣ್ಣುಗಳ ಈ ಧರೆಗಳು ಗೋಡೆಯಂತೆ ಎದ್ದಿವೆ. ಅಲೆ ಬುಡವನ್ನು ಕೊರೆಯುತ್ತದೆ, ಮೇಲಿನ ಮಣ್ಣು ಕಳಚಿ ಬೀಳುತ್ತದೆ. ಶಾರ್ಕ್‌ಗಳ ಪಳೆಯುಳಿಕೆ ಹಲ್ಲುಗಳು ಜನರ ಕೈಗೆ ಸಿಗುವುದೂ ಹಾಗೆಯೇ.

ಅದೇ ಧರೆಯಲ್ಲಿ ಇನ್ನೊಂದು ಒಕ್ಕಲಿದೆ: ಪ್ಯೂರಿಟನ್ ಹುಲಿ ಜೀರುಂಡೆ. ಉದ್ದ ಸುಮಾರು 12 ಮಿಲಿಮೀಟರ್. ಜಗತ್ತಿನಲ್ಲಿ ಇದು ಉಳಿದಿರುವುದು ಈ ಕೊಲ್ಲಿಯ ಕೆಲವು ದಡಗಳಲ್ಲಿ ಮತ್ತು ದೂರದ ಕನೆಕ್ಟಿಕಟ್ ನದಿಯ ಮರಳುದಂಡೆಗಳಲ್ಲಿ ಮಾತ್ರ. 1990ರಲ್ಲಿ ಅಮೆರಿಕ ಸರ್ಕಾರ ಇದನ್ನು ಕಾನೂನಿನ ರಕ್ಷಣೆಗೆ ಒಳಪಡಿಸಿತು.

ಬೇಸಿಗೆಯ ಕೆಲವೇ ವಾರ ಇದು ಧರೆಯ ಬುಡದ ಮರಳಿನಲ್ಲಿ ಓಡಾಡಿ ಸಣ್ಣ ಕೀಟಗಳನ್ನು ಬೇಟೆಯಾಡುತ್ತದೆ. ಬಾಳಿನ ಉಳಿದ ಭಾಗವೆಲ್ಲ, ಹೆಚ್ಚುಕಡಿಮೆ ಎರಡು ವರ್ಷ, ಮರಿಹುಳುವಾಗಿ ಧರೆಯ ಮೈಯಲ್ಲಿ ಕೊರೆದ ಬಿಲದಲ್ಲಿ ಕಳೆಯುತ್ತದೆ. ಮಡಕೆಗೆ ಮುಚ್ಚಳವಿಟ್ಟಂತೆ ತನ್ನ ಚಪ್ಪಟೆ ತಲೆಯಿಂದ ಬಿಲದ ಬಾಯಿ ಮುಚ್ಚಿ, ಬೆನ್ನಿನ ಕೊಕ್ಕೆಯನ್ನು ಗೋಡೆಗೆ ಊರಿ, ಹತ್ತಿರ ಸುಳಿಯುವ ಹುಳಕ್ಕಾಗಿ ಕಾಯುತ್ತದೆ.

ಇದಕ್ಕೆ ಬೇಕಾದದ್ದು ಬೋಳು ಮಣ್ಣು. ಧರೆ ಆಗಾಗ ಕಳಚುತ್ತಿದ್ದರೆ ಮಾತ್ರ ಅದು ಬೋಳಾಗಿ ಉಳಿಯುತ್ತದೆ. ಬುಡಕ್ಕೆ ಕಲ್ಲು ಸುರಿದರೆ ಕುಸಿತ ನಿಲ್ಲುತ್ತದೆ, ಕೆಲವೇ ವರ್ಷಗಳಲ್ಲಿ ಬಳ್ಳಿ, ಪೊದೆಗಳು ಧರೆಯನ್ನು ಮುಚ್ಚುತ್ತವೆ, ಜೀರುಂಡೆ ಇಲ್ಲವಾಗುತ್ತದೆ. ಮೇಲಿನಿಂದ ಮರಳು ಇಳಿಯದೆ ಕೆಳಗಿನ ದಂಡೆಯೂ ಸೊರಗುತ್ತದೆ. ಹಾಗೆಂದು ಕುಸಿತ ಅತಿಯಾದರೆ ಬಿಲಗಳೇ ಕೊಚ್ಚಿಹೋಗುತ್ತವೆ. ಅತ್ತ ಪೂರ್ತಿ ನಿಲ್ಲಬಾರದು, ಇತ್ತ ಒಮ್ಮೆಗೇ ಬೀಳಬಾರದು. ಆ ನಡುವಿನ ತೆಳುವಾದ ಅವಕಾಶದಲ್ಲೇ ಇದರ ಸಂಸಾರ.

ಕಾಡಿನ ಹುಲಿಯನ್ನು ಉಳಿಸಲು ಹಸಿರನ್ನು ಕಾಯಬೇಕೆಂದು ನಾವು ಕಲಿತಿದ್ದೇವೆ. ಈ ಪುಟ್ಟ ಹುಲಿಗೆ ಹಸಿರೇ ಕಂಟಕ. ಪರಿಸರ ಪ್ರೇಮವನ್ನೂ ನಾವು ಒಂದೇ ಬಣ್ಣದಲ್ಲಿ ಕಲ್ಪಿಸಿಕೊಂಡುಬಿಟ್ಟಿದ್ದೇವೆ. ಗಿಡ ನೆಡುವುದು, ಗೋಡೆ ಕಟ್ಟುವುದು, ಬೇಲಿ ಹಾಕುವುದು, ಇವು ಕಣ್ಣಿಗೆ ಕಾಣುವ ಕೆಲಸಗಳು; ಫೋಟೋಕ್ಕೂ ಒದಗುತ್ತವೆ. ಕುಸಿಯುವುದನ್ನು ಕುಸಿಯಲು ಬಿಡುವುದಕ್ಕೆ ಉದ್ಘಾಟನೆ ಇರುವುದಿಲ್ಲ.

ಪ್ಯೂರಿಟನ್ ಜೀರುಂಡೆಯ ಬಂಧುವಾದ ಈಶಾನ್ಯ ಕಡಲತಡಿಯ ಹುಲಿ ಜೀರುಂಡೆ ಒಂದು ಕಾಲಕ್ಕೆ ಮ್ಯಾಸಚೂಸೆಟ್ಸ್‌ನಿಂದ ನ್ಯೂಜೆರ್ಸಿವರೆಗಿನ ದಂಡೆಗಳಲ್ಲಿ ಹಿಂಡುಹಿಂಡಾಗಿತ್ತು. ಅಲೆ ಬಂದು ಮರಳುವ ಪಟ್ಟಿಯಲ್ಲೇ ಅದರ ಮರಿಗಳ ಬಿಲ. ಮರಳಿನ ಮೇಲೆ ಓಡಿದ ವಾಹನಗಳೂ ವಿಹಾರಕ್ಕೆ ಬಂದವರ ದಟ್ಟಣೆಯೂ ಆ ಬಿಲಗಳನ್ನು ಅಳಿಸಿದವು. ಕೊಲ್ಲಬೇಕೆಂದು ಅಲ್ಲಿಗೆ ಬಂದವರು ಯಾರೂ ಇರಲಿಲ್ಲ. ರಜೆ ಕಳೆಯಲು ಬಂದಿದ್ದರು, ಅಷ್ಟೆ.

ಮನೆ ಕಳೆದುಕೊಳ್ಳುವವರ ಅಳಲು ಸುಳ್ಳಲ್ಲ. ಹುಳುವಿಗಾಗಿ ಮನುಷ್ಯ ಬೀದಿಗೆ ಬೀಳಲಿ ಎನ್ನುವುದು ಧರ್ಮವೂ ಅಲ್ಲ. ಆದರೆ ಧರೆ ಕುಸಿಯುತ್ತಿದ್ದದ್ದು ಮನೆ ಬರುವುದಕ್ಕೂ ಮೊದಲಿನಿಂದ. ಕಟ್ಟಿದ ಮೇಲೆ ಕಡಲನ್ನು ದೂರುವ ಬದಲು, ಕಟ್ಟುವ ಮೊದಲೇ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದರೆ ಇಬ್ಬರಿಗೂ ಜಾಗವಿರುತ್ತಿತ್ತು. ಇನ್ನೂ ಮನೆ ಏಳದ ದಡಗಳ ಮಟ್ಟಿಗಾದರೂ ಆ ವಿವೇಕವನ್ನು ನಾವು ತೋರಬೇಕು.