ಗೇರಿಲ್ಲದ ಸೈಕಲ್, ಆರೂವರೆಯ ಕತ್ತಲು

ಜನವರಿಯಲ್ಲಿ ಬೆಂಗಳೂರಿಗೆ ಆರೂಮುಕ್ಕಾಲರ ಹೊತ್ತಿಗೆ ಸೂರ್ಯ ಬಂದರೆ ಅಹಮದಾಬಾದಿಗೆ ಬರುವಾಗ ಏಳು ಇಪ್ಪತ್ತು. ದೇಶಕ್ಕೆಲ್ಲ ಗಡಿಯಾರ ಒಂದೇ, ಗುಜರಾತ್ ಇರುವುದು ಪಶ್ಚಿಮದ ಅಂಚಿನಲ್ಲಿ. ವಡೋದರಾ, ಸೂರತ್‌ಗಳ ಕತೆಯೂ ಇದೇ. ಏಳರ ಪಾಳಿಗೆ ಆರೂವರೆಗೆ ಮನೆ ಬಿಡುವವನು ಪೆಡಲ್ ತುಳಿಯುವುದು ಕತ್ತಲಲ್ಲಿ. ಸೂರತ್ತಿನ ಪಾಂಡೇಸರಾ, ಉಧ್ನಾ ಕಡೆಯ ಪವರ್‌ಲೂಮುಗಳಲ್ಲಿ ಹನ್ನೆರಡು ಗಂಟೆಯ ಪಾಳಿ ಇಂದಿಗೂ ಇದೆ. ಒಡಿಶಾದ ಗಂಜಾಂನಿಂದ ಬಂದು ಅಲ್ಲಿ ಮಗ್ಗ ನಡೆಸುವ ಎಷ್ಟೋ ಜನರಿಗೆ ಸೈಕಲ್ಲೇ ವಾಹನ. ಚಳಿಗಾಲಕ್ಕೆ ಅಗ್ಗದ ಸೈಕಲ್ ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವವರು ಅವರು.

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದ ಸೈಕಲ್ ಎಂದರೆ ಕೆಟ್ಟರೂ ಚಿಂತೆಯಿಲ್ಲದ ಸೈಕಲ್. ರಸ್ತೆಗೆ ಸುರಿದ ಉಪ್ಪು ಚೈನು, ಗೇರುಗಳನ್ನು ತಿಂದುಹಾಕುತ್ತದೆಂದು ಒಳ್ಳೆಯದನ್ನು ಮನೆಯಲ್ಲಿಟ್ಟು, ಗೇರಿಲ್ಲದ ಹಳೆಯದನ್ನು ಹೊರತೆಗೆಯುತ್ತಾರೆ. ಇಲ್ಲಿ ಲೆಕ್ಕ ತಿರುವುಮುರುವು. 2016ರ ಮೇ 20ರಂದು ಅಹಮದಾಬಾದಿನಲ್ಲಿ ಉಷ್ಣಾಂಶ 48 ಡಿಗ್ರಿ ಮುಟ್ಟಿತ್ತು. ಅದೇ ಊರಿನಲ್ಲಿ ಜನವರಿಯ ನಸುಕು ಹನ್ನೆರಡರ ಆಸುಪಾಸು, ಮಧ್ಯಾಹ್ನ ಇಪ್ಪತ್ತೆಂಟು. ಮಳೆಯಿಲ್ಲ, ಕೆಸರಿಲ್ಲ. ಸೈಕಲ್ ತುಳಿಯಲು ವರ್ಷದಲ್ಲಿ ಹಿತವಾದ ಕಾಲವೆಂದರೆ ಇದೇ. ದೀಪಾವಳಿ ಕಳೆಯುತ್ತಲೇ ಜನ ಹೊಸ ಸೈಕಲ್ಲಿನ ಮಾತು ತೆಗೆಯುತ್ತಾರೆ. ವರ್ಗವಾಗಿ ಬಂದ ನಮ್ಮ ಕನ್ನಡದ ಮನೆಗಳಲ್ಲೂ.

ಅಂಗಡಿಗೆ ಹೋದರೆ ಏಳೆಂಟು ಸಾವಿರಕ್ಕೆ ಕಣ್ಣು ಕುಕ್ಕುವ ಸೈಕಲ್ಲುಗಳಿವೆ. ದಪ್ಪ ಟಯರು, ಮುಂದೆ ಸ್ಪ್ರಿಂಗಿನ ಶಾಕು, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು. ಟಯರು ಬೇಕೇ ಬೇಕು. ನರ್ಮದಾ ಕಾಲುವೆಯ ಪಕ್ಕದ ರಸ್ತೆಗಳಲ್ಲಿ, ಊರಾಚೆಯ ದಾರಿಗಳಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಬಿದ್ದಿರುತ್ತದೆ. ಸಣ್ಣ ಟಯರು ತಡೆಯದು. ಉಳಿದೆರಡು ಬೇಡ ಎಂದೇ ನನ್ನ ಅಭಿಪ್ರಾಯ. ಆ ಬೆಲೆಯ ಶಾಕು ಸೈಕಲ್ಲಿನ ತೂಕ ಹೆಚ್ಚಿಸಿ, ತುಳಿತದ ಬಲವನ್ನೂ ಒಂದಿಷ್ಟು ನುಂಗುತ್ತದೆ. ಅಗ್ಗದ ಡಿಸ್ಕು ಸ್ವಲ್ಪ ಸೊಟ್ಟಗಾದರೂ ಉಜ್ಜತೊಡಗುತ್ತದೆ, ಸರಿಮಾಡಿಸಲು ಅಲೆಯಬೇಕು. ರಿಮ್ಮಿಗೆ ಹಿಡಿಯುವ ಸಾದಾ ಬ್ರೇಕಿನ ರಬ್ಬರನ್ನು ಯಾವ ಬೀದಿಯ ಪಂಕ್ಚರ್ ಅಂಗಡಿಯವನೂ ಬದಲಿಸಿಕೊಡುತ್ತಾನೆ.

ಗೇರು? ಅಹಮದಾಬಾದ್ ಸಮುದ್ರಮಟ್ಟದಿಂದ ಐವತ್ತು ಮೀಟರು ಚಿಲ್ಲರೆ ಎತ್ತರದಲ್ಲಿದೆ, ಸೂರತ್ ಇನ್ನೂ ತಗ್ಗು. ಮೂರೂ ಊರು ಸಮತಟ್ಟು. ಏರೆಂದರೆ ನದಿಯ ಸೇತುವೆಗಳು, ಮೇಲ್ಸೇತುವೆಗಳು, ಅಷ್ಟೇ. ವಡೋದರಾ ಕಡೆಯ ಪಾವಾಗಢದ ಬೆಟ್ಟ ಹತ್ತುವ ಆಸೆಯಿದ್ದರೆ ಮಾತು ಬೇರೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲಿನ ಫ್ರೀವೀಲ್, 26 ಇಂಚಿನ ಚಕ್ರ ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಐದು ಮೀಟರು ಮುಂದೆ ಹೋಗುತ್ತದೆ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಗಂಟೆಗೆ 18 ಕಿಲೋಮೀಟರು. ಊರೊಳಗೆ ಇದಕ್ಕಿಂತ ವೇಗ ಏಕೆ? ಮೊಣಕಾಲು ನೋಯುವವರು, ಹೊರೆ ಹೇರುವವರು ಹಿಂದಿನ ಫ್ರೀವೀಲನ್ನು 20 ಹಲ್ಲಿನದಕ್ಕೆ ಬದಲಿಸಿಕೊಂಡರೆ ಸೇತುವೆಯ ಏರು ಹಗುರಾಗುತ್ತದೆ. ಇದು ಸಣ್ಣ ಖರ್ಚು. ಆದರೂ ಅಂಗಡಿಯಲ್ಲಿ ಇದನ್ನು ಕೇಳಿ ಮಾಡಿಸಿಕೊಳ್ಳುವವರು ಕಡಿಮೆ ಎನ್ನುವುದು ನನಗೆ ಬೇಸರದ ಸಂಗತಿ.

ಹಳೆಯದನ್ನು ಕೊಳ್ಳುವವರು ಹಿಂಚಕ್ರ ಕೂರುವ ಸೀಳನ್ನು ನೋಡಬೇಕು. ಅದು ಹಿಂದಕ್ಕೆ ಚಾಚಿಕೊಂಡಿದ್ದರೆ ಚಕ್ರವನ್ನು ಹಿಂದೆಳೆದು ಚೈನು ಬಿಗಿ ಮಾಡಬಹುದು. ನೇರ ಕೆಳಕ್ಕೆ ಇದ್ದರೆ ಆ ಫ್ರೇಮು ಗೇರಿಗೆಂದೇ ಮಾಡಿದ್ದು, ಒಂಟಿ ಹಲ್ಲುಚಕ್ರ ಹಾಕಿದರೆ ಚೈನು ಜೋಲುತ್ತದೆ. ಚೈನನ್ನೂ ಅಳೆಯಿರಿ. ಇಪ್ಪತ್ತನಾಲ್ಕು ಕೊಂಡಿ ಸೇರಿ 12 ಇಂಚು ಇರಬೇಕು. ಇಂಚಿನ ಎಂಟನೇ ಒಂದರಷ್ಟು ಉದ್ದವಾಗಿದ್ದರೆ ಅದು ಸವೆದಿದೆ, ಹಲ್ಲುಗಳನ್ನೂ ಸವೆಸುತ್ತದೆ.

ಕತ್ತಲಲ್ಲದೆ ಜನವರಿಗೆ ಇನ್ನೊಂದು ಭಯವಿದೆ. ಜನವರಿ 14ರ ಉತ್ತರಾಯಣಕ್ಕೆ ವಾರಗಳ ಮೊದಲೇ ಆಕಾಶದ ತುಂಬ ಗಾಳಿಪಟ. ಗಾಜಿನ ಪುಡಿ ಬಳಿದ ಮಾಂಜಾ ದಾರ ರಸ್ತೆಗೆ ಅಡ್ಡಲಾಗಿ ಇಳಿದರೆ ಕಣ್ಣಿಗೆ ಕಾಣದು, ಕತ್ತು ಸೀಳುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿದರೂ ಮಾರಾಟ ನಿಂತಿಲ್ಲ. ಸೂರತ್ ಪೊಲೀಸರು ಹಬ್ಬದ ದಿನ ಮೇಲ್ಸೇತುವೆಗಳ ಮೇಲೆ ದ್ವಿಚಕ್ರ ವಾಹನಗಳನ್ನು ನಿರ್ಬಂಧಿಸುತ್ತ ಬಂದಿದ್ದಾರೆ. ಸ್ಕೂಟರಿನವರು ಹ್ಯಾಂಡಲ್ಲಿಗೆ ಕಮಾನಿನಂತೆ ಬಗ್ಗಿಸಿದ ಸರಳು ಕಟ್ಟಿಕೊಳ್ಳುತ್ತಾರೆ. ಸೈಕಲ್ಲಿಗೂ ಅದನ್ನು ಕಟ್ಟಿಸಿಕೊಳ್ಳಿ, ಕುತ್ತಿಗೆಗೆ ದಪ್ಪನೆಯ ಮಫ್ಲರು ಸುತ್ತಿಕೊಳ್ಳಿ. ಮಕ್ಕಳನ್ನು ಹಬ್ಬದ ದಿನ, ಅದರ ಮರುದಿನ ಸೈಕಲ್ ಹತ್ತಿಸದಿದ್ದರೆ ಇನ್ನೂ ಒಳ್ಳೆಯದು.

2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಏಳು ಸಾವಿರದ ಸೈಕಲ್ಲಿಗೆ ಅದು ನಾನೂರು ರೂಪಾಯಿಯ ಮೇಲಿನ ಉಳಿತಾಯ. ನಸುಕಿನ ಕತ್ತಲಿಗೆ ಮುಂದೊಂದು ಬಿಳಿ ದೀಪ, ಹಿಂದೊಂದು ಕೆಂಪು ದೀಪ ಆ ದುಡ್ಡಿನಲ್ಲೇ ಬರುತ್ತವೆ. ಅಂಗಡಿಯವರು ಅವೆರಡನ್ನೂ ಕಟ್ಟಿಯೇ ಸೈಕಲ್ ಹೊರಗೆ ಕಳಿಸಲಿ. ಕೊಳ್ಳುವವರು ಅಂಗಡಿ ಬಿಡುವ ಮುನ್ನ ಅವನ್ನು ಕೇಳಿ ಹಾಕಿಸಿಕೊಳ್ಳಲಿ.