ಮರಳಿ ಬಂದವನ ಋಣ

ಕೋಶವನ್ನು ಓದಬೇಕು, ದೇಶವನ್ನು ಸುತ್ತಬೇಕು ಎಂಬುದು ಹಿರಿಯರ ಮಾತು. ಹೊರಡುವವನಿಗೆ ಈ ಮಾತು ಸಾಕು. ಆದರೆ ಸುತ್ತಿದವನು ಮನೆಗೆ ಮರಳಿದ ಮೇಲೆ ಹೇಗೆ ನಡೆದುಕೊಳ್ಳತಕ್ಕದ್ದೆಂಬುದನ್ನು ಈ ಗಾದೆ ಹೇಳುವುದಿಲ್ಲ. ಪ್ರವಾಸದ ಕಷ್ಟವೆಲ್ಲ ಹಡಗು, ಗಾಡಿ, ಅನ್ನ, ಭಾಷೆಗಳಲ್ಲಿದೆಯೆಂದೂ ಊರಿನ ಹೊಸಿಲನ್ನು ತುಳಿದೊಡನೆಯೇ ಅದು ಮುಗಿಯಿತೆಂದೂ ಜನರು ಭಾವಿಸುತ್ತಾರೆ. ವಿಚಾರಿಸಿ ನೋಡಿದರೆ ಯಾತ್ರೆಯ ಅತಿ ಕಠಿನವಾದ ಹರದಾರಿ ಹೊಸಿಲಿನಿಂದ ಒಳಗೆ ಇರುವುದು ಕಾಣಬರುತ್ತದೆ.

ಈಗ ಮಂಡ್ಯದ ಸೀಮೆಯಿಂದ ಇಟಲಿಗೆ ಹೋಗಿಬರುವುದು ಅಪೂರ್ವವಾದ ಸಂಗತಿಯಲ್ಲ. ನಾಗಮಂಗಲದವನೊಬ್ಬನು ಕೃಷ್ಣರಾಜಪೇಟೆಯ ಗೆಳೆಯನೊಡನೆ ಎರಡು ತಿಂಗಳ ಕಾಲ ಆ ದೇಶದಲ್ಲಿ ವಿರಾಮವಾಗಿ ಕಳೆದು ಬಂದನೆಂದು ಭಾವಿಸಬಹುದು. ರೋಮಿನ ಪ್ಯಾಂಥಿಯನ್ ಗುಡಿಯ ಗುಮ್ಮಟದ ಕೆಳಗೆ ಅವರಿಬ್ಬರೂ ಮಾತಿಲ್ಲದೆ ನಿಂತರು. ವೆನಿಸಿನ ಕಾಲುವೆಗಳಲ್ಲಿ ದೋಣಿಯೇರಿದರು. ಫ್ಲಾರೆನ್ಸಿನಲ್ಲಿ ಒಂದೊಂದು ಚಿತ್ರದ ಮುಂದೆಯೂ ಗಳಿಗೆಗಟ್ಟಲೆ ಕುಳಿತರು. ಮರಳಿ ಬಂದಾಗ ಬೀದಿ ಕಿರಿದಾಗಿದೆ, ಮನೆಯ ಸೂರು ತಗ್ಗಾಗಿದೆ, ನೆರೆಯವರ ಮಾತಿನಲ್ಲಿ ರುಚಿಯಿಲ್ಲ. ತಾಯಿ ಎರಡು ತಿಂಗಳಿಂದ ಕೂಡಿಟ್ಟುಕೊಂಡಿದ್ದ ಸುದ್ದಿಯನ್ನು ಹೇಳತೊಡಗುತ್ತಾಳೆ: ಮಳೆ ತಡವಾದದ್ದು, ದೊಡ್ಡಪ್ಪನ ಕಾಯಿಲೆ, ಹಸು ಕರು ಹಾಕಿದ್ದು. ಮಗನು ಹೂಂಗುಡುತ್ತಾನೆ, ಆದರೆ ಕೇಳುವುದಿಲ್ಲ. ಅವಳಿಗೆ ಇದು ತಿಳಿಯದೆ ಇರುವುದಿಲ್ಲ. ಪ್ರಶ್ನೆ ಹುಟ್ಟುವುದು ಇಲ್ಲಿ. ದೂರದ ಸೊಬಗನ್ನು ಕಂಡವನಿಗೆ ಊರು ಸಪ್ಪೆಯಾಗಿ ತೋರಿದರೆ ಅದು ಅವನ ತಪ್ಪೆ? ಕಂಡದ್ದನ್ನು ಕಾಣಲಿಲ್ಲವೆಂದು ನಟಿಸುವುದು ಸತ್ಯವೆ? ಕಂಡದ್ದರಿಂದ ಮನೆಯವರನ್ನು ಅಳೆಯುವುದು ನ್ಯಾಯವೆ?

ಈ ಸಂಕಟ ಸಾಮಾನ್ಯರಿಗಷ್ಟೇ ಒದಗಿದುದಲ್ಲ. ಜರ್ಮನಿಯ ಮಹಾಕವಿ ಗಯಟೆ ೧೭೮೬ರಲ್ಲಿ ಯಾರಿಗೂ ಹೇಳದೆ ಇಟಲಿಗೆ ಹೊರಟು, ಸುಮಾರು ಎರಡು ವರ್ಷ ಅಲ್ಲಿದ್ದು, ೧೭೮೮ರ ಜೂನ್ ತಿಂಗಳಲ್ಲಿ ವೈಮಾರಿಗೆ ಹಿಂದಿರುಗಿದನು. ರೋಮಿನಲ್ಲಿ ತಾನು ಎರಡನೆಯ ಜನ್ಮವನ್ನು ಪಡೆದೆನೆಂದೇ ಅವನು ಭಾವಿಸಿದ್ದನು. ಹಳೆಯ ಗೆಳೆಯರು ಅವನ ಉತ್ಸಾಹದಲ್ಲಿ ಪಾಲುಗೊಳ್ಳಲಿಲ್ಲ. ತನ್ನ ಭಾಷೆ ಅಲ್ಲಿ ಯಾರಿಗೂ ತಿಳಿಯದಾಯಿತು, ದೂರದ ವಸ್ತುಗಳಿಗಾಗಿ ತಾನು ಹಂಬಲಿಸಿದ್ದು ಅವರಿಗೆ ಅವಮಾನದಂತೆ ತೋರಿತು ಎಂದು ಅವನು ಎಷ್ಟೋ ವರ್ಷಗಳ ಮೇಲೆ ನೊಂದು ಬರೆದನು. ಗೆಳೆಯರ ಪಕ್ಷವನ್ನೂ ಕೇಳಬೇಕಷ್ಟೆ. ಹೇಳದೆ ಹೊರಟುಹೋದವನು ಎರಡು ವರ್ಷದ ಮೇಲೆ ಬಂದು, ಇಲ್ಲಿ ಬೆಳಕಿಲ್ಲ, ಇಲ್ಲಿ ರೂಪವಿಲ್ಲ ಎಂದರೆ, ಅದೇ ಮಬ್ಬಿನ ಆಕಾಶದ ಕೆಳಗೆ ಬಾಳುತ್ತಿದ್ದವರಿಗೆ ಏನೆನಿಸಬೇಕು?

ಅದೇ ೧೭೮೮ನೆಯ ವರ್ಷದಲ್ಲಿ ಶ್ರೀರಂಗಪಟ್ಟಣದ ಮೂವರು ಫ್ರಾನ್ಸಿನಲ್ಲಿದ್ದರು. ಇಂಗ್ಲಿಷರ ವಿರುದ್ಧ ನೆರವನ್ನು ಬೇಡಲು ಟೀಪೂ ಸುಲ್ತಾನನು ಕಳುಹಿಸಿದ್ದ ರಾಯಭಾರಿಗಳು ಅವರು. ಹದಿನಾರನೆಯ ಲೂಯಿ ದೊರೆ ಅವರನ್ನು ಆಗಸ್ಟ್ ತಿಂಗಳಲ್ಲಿ ವರ್ಸೇಲ್ಸಿನ ಅರಮನೆಯಲ್ಲಿ ಬರಮಾಡಿಕೊಂಡನು. ಮರ್ಯಾದೆ ಬೇಕಾದಷ್ಟು ದೊರೆಯಿತು. ಸುಲ್ತಾನನು ಬಯಸಿದ ಒಪ್ಪಂದ ಮಾತ್ರ ದೊರೆಯಲಿಲ್ಲ. ಹಿಂದಿರುಗಿದ ಮೇಲೆ ಅವರು ಆ ದೇಶದ ವೈಭವವನ್ನು ಹೊಗಳಿದ್ದು ಸುಲ್ತಾನನಿಗೆ ಹಿಡಿಸಲಿಲ್ಲವೆಂದು ಆ ಕಾಲವನ್ನು ಕುರಿತ ಬರಹಗಳಲ್ಲಿ ಹೇಳಿಕೆಯುಂಟು. ಕೇಳುವವನ ಮನೆಯಲ್ಲಿ ಇಲ್ಲದುದನ್ನು ಎಣಿಸಿ ಹೇಳಿದರೆ, ನಿಜವಾದ ಮಾತೂ ನಿಂದೆಯಾಗಿ ಕಿವಿಗೆ ಬೀಳುತ್ತದೆ. ಹೇಳುವವನ ಮನಸ್ಸಿನಲ್ಲಿ ನಿಂದೆ ಇರಲೇಬೇಕೆಂದಿಲ್ಲ.

ಜೊತೆಯಲ್ಲಿ ಗೆಳೆಯನಿದ್ದರೆ ಈ ತೊಡಕು ಇನ್ನೊಂದು ಬಗೆಯಾಗುತ್ತದೆ. ಪರದೇಶದಲ್ಲಿ ಗೆಳೆಯನೇ ಮನೆ. ಕಂಡ ಸೊಗಸಿಗೆ ಅವನೇ ಸಾಕ್ಷಿ. ಕನ್ನಡದ ಒಂದು ಮಾತಿಗೆ ಅವನೊಬ್ಬನೇ ಕಿವಿ. ಆದರೆ ಸಹವಾಸದಲ್ಲಿ ಗುಣದಂತೆ ದೋಷವೂ ಬೆಳಕಿಗೆ ಬರುತ್ತದೆ. ಇಂಗ್ಲೆಂಡಿನ ಕವಿ ತಾಮಸ್ ಗ್ರೇ ತನ್ನ ಶಾಲೆಯ ಗೆಳೆಯನಾದ ಹೊರೇಸ್ ವಾಲ್ಪೋಲನೊಡನೆ ೧೭೩೯ರಲ್ಲಿ ಹೊರಟು, ಫ್ರಾನ್ಸನ್ನು ಹಾದು, ಇಟಲಿಯಲ್ಲಿ ಬಹುಕಾಲ ಸಂಚರಿಸಿದನು. ವಾಲ್ಪೋಲನು ಪ್ರಧಾನಮಂತ್ರಿಯ ಮಗ. ಗ್ರೇ ಸಾಮಾನ್ಯರ ಮನೆಯವನು. ೧೭೪೧ರಲ್ಲಿ ರೆಜ್ಜೋ ಎಂಬ ಊರಿನಲ್ಲಿ ಇಬ್ಬರಿಗೂ ಮನಸ್ತಾಪ ಬಂದು, ಬೇರೆಬೇರೆಯಾಗಿ ಊರಿಗೆ ಮರಳಿದರು. ನಾಲ್ಕು ವರ್ಷಗಳ ಮೇಲೆ ಸ್ನೇಹ ಕೂಡಿಬಂತು. ಗ್ರೇ ತೀರಿಕೊಂಡ ತರುವಾಯ ವಾಲ್ಪೋಲನು, ತಾನು ಆಗ ಹುಡುಗನಾಗಿದ್ದೆ, ಅಂತಸ್ತಿನ ಹಮ್ಮಿನಲ್ಲಿದ್ದೆ, ತಪ್ಪು ಹೆಚ್ಚಾಗಿ ತನ್ನದೇ ಎಂದು ಒಪ್ಪಿಕೊಂಡು ಬರೆದನು. ಇಟಲಿಯ ಅಷ್ಟು ಚೆಲುವನ್ನು ಕಂಡ ಕಣ್ಣಿಗೆ ಪಕ್ಕದಲ್ಲಿದ್ದವನ ನೋವು ಕಾಣಲಿಲ್ಲ! ಚೆಲುವನ್ನು ನೋಡುವುದರಿಂದಲೇ ಮನುಷ್ಯನು ಒಳ್ಳೆಯವನಾಗುತ್ತಾನೆಂಬ ಭರವಸೆ ಇಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಜಗಳವಾಡದೆ ಮರಳಿದ ಗೆಳೆಯರಿಗೂ ಒಂದು ಅಪಾಯ ಕಾದಿರುತ್ತದೆ. ಅವರಿಬ್ಬರ ನಡುವೆ ಒಂದು ಗುಟ್ಟಿನ ನಾಡು ಬೆಳೆದಿರುತ್ತದೆ. ಒಬ್ಬನು ಯಾವುದೋ ಬೀದಿಯ ಹೆಸರೆತ್ತಿದರೆ ಸಾಕು, ಇನ್ನೊಬ್ಬನು ನಗುತ್ತಾನೆ. ಜೊತೆಯಲ್ಲಿ ಕುಳಿತಿರುವ ಹೆಂಡತಿ, ತಮ್ಮ, ನೆರೆಯವರು ತಮ್ಮ ಜಗಲಿಯ ಮೇಲೆ ತಾವೇ ಪರದೇಶಿಗಳಾಗುತ್ತಾರೆ. ಇದು ಸಣ್ಣ ಹಿಂಸೆಯೆಂದು ತಳ್ಳಿಹಾಕುವಂತಿಲ್ಲ. ಹೋಗದೆ ಉಳಿದವರು ಉಳಿದುದರಿಂದಲೇ ಹೋದವರು ಹೋಗಲು ಸಾಧ್ಯವಾಯಿತು. ಗದ್ದೆಗೆ ನೀರು ಕಟ್ಟಿದವರು, ಮುದುಕರಿಗೆ ಗಂಜಿ ಕಾಯಿಸಿ ಕೊಟ್ಟವರು, ಮನೆಯಲ್ಲಿ ದೀಪ ಹಚ್ಚಿದವರು ಅವರು. ಪ್ರವಾಸಿಯ ಸಂತೋಷವು ಅವರಿಂದ ತೆಗೆದ ಸಾಲ. ಸಾಲವನ್ನು ತೀರಿಸಬೇಕಾದ ಕಾಲದಲ್ಲಿ ಅವರನ್ನೇ ಹೊರಗಿಡುವುದು ನ್ಯಾಯವಲ್ಲ.

ಹಾಗಾದರೆ ತೀರಿಸುವ ಬಗೆ ಯಾವುದು? ಇದನ್ನು ತಿಳಿಯಲು ಇಟಲಿಯಿಂದಲೇ ಕನ್ನಡ ನಾಡಿಗೆ ಬಂದು ಮರಳಿದವನೊಬ್ಬನನ್ನು ನೋಡಬಹುದು. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತನು ೧೬೨೩ರಲ್ಲಿ ಪೋರ್ಚುಗೀಸರ ರಾಯಭಾರಿಯ ಸಂಗಡ ಇಕ್ಕೇರಿಗೆ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಬಂದನು. ಕಂಡದ್ದನ್ನೆಲ್ಲ ಅವನು ನೇಪಲ್ಸಿನಲ್ಲಿದ್ದ ಗೆಳೆಯನಾದ ಮಾರಿಯೊ ಸ್ಕಿಪಾನೊ ಎಂಬ ವೈದ್ಯನಿಗೆ ಕಾಗದಗಳಲ್ಲಿ ಬರೆಯುತ್ತಿದ್ದನು. ದಾರಿಯಲ್ಲಿ ಒಂದು ಗುಡಿಯ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಒಬ್ಬನು ರಾಗವಾಗಿ ಪಾಠ ಹೇಳುತ್ತ ನೆಲದ ಮೇಲೆ ಹರಡಿದ ನುಣುಪಾದ ಮರಳಿನಲ್ಲಿ ಬೆರಳಿನಿಂದ ಬರೆಯುವನು. ಉಳಿದವರು ಅದನ್ನೇ ಹಾಡಿ ಬರೆಯುವರು. ಮರಳು ತುಂಬಿದರೆ ಅಳಿಸಿ ಹೊಸದಾಗಿ ಚೆಲ್ಲುವರು. ಆ ವಿದೇಶೀಯನು ನಿಂತು ನೋಡಿದನು, ಹುಡುಗರನ್ನು ಪ್ರಶ್ನೆ ಕೇಳಿದನು, ಬರೆದಿಟ್ಟನು. ಮರಳಿನಲ್ಲಿ ಅಕ್ಷರ ತಿದ್ದುವುದು ಇಲ್ಲಿಯವರಿಗೆ ದಿನನಿತ್ಯದ ಕೆಲಸ. ಬರೆದಿಡುವಷ್ಟು ದೊಡ್ಡ ಸಂಗತಿಯೆಂದು ಅವರಿಗೆ ತೋರಲಿಲ್ಲ. ಇಂತಹ ಪ್ರವಾಸಿಗಳ ಬರಹಗಳನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ತಂದವರು ನಾಗಮಂಗಲ ತಾಲ್ಲೂಕಿನವರೇ ಆದ ಎಚ್. ಎಲ್. ನಾಗೇಗೌಡರು.

ದೆಲ್ಲಾ ವಾಲ್ಲೆ ಮಾಡಿದ್ದು ಇಷ್ಟೇ: ಮತ್ತೆ ಕಾಣುವೆನೆಂಬ ನೆಚ್ಚಿಗೆಯಿಲ್ಲದವನು ನೋಡುವಂತೆ ನೋಡಿದನು. ಇಟಲಿಗೆ ಹೋದವರೂ ಅಲ್ಲಿ ಇದನ್ನೇ ಮಾಡುತ್ತಾರೆ. ಪ್ಯಾಂಥಿಯನ್ನಿನಲ್ಲಿ ಅವರನ್ನು ತಡೆದು ನಿಲ್ಲಿಸಿದ್ದು ಕಲ್ಲು ಗಾರೆಗಳು ಮಾತ್ರವಲ್ಲ. ನಾಳೆ ಇಲ್ಲಿಂದ ಹೊರಡಬೇಕೆಂಬ ಅರಿವು ಸಹ. ಊರು ಎಲ್ಲಿಗೂ ಹೋಗುವುದಿಲ್ಲವೆಂಬ ನಂಬಿಕೆಯಿಂದ ಊರನ್ನು ಯಾರೂ ನೋಡುವುದಿಲ್ಲ. ಕೃಷ್ಣರಾಜಪೇಟೆಯಿಂದ ಹೊಸಹೊಳಲು ಕೂಗಳತೆಯ ದೂರ. ಅಲ್ಲಿಯ ಲಕ್ಷ್ಮೀನಾರಾಯಣ ದೇವಾಲಯದ ಗೋಡೆಯ ಮೇಲೆ ಹೊಯ್ಸಳ ಶಿಲ್ಪಿಗಳು ರಾಮಾಯಣ ಭಾರತಗಳನ್ನು ಸಾಲಾಗಿ ಕೊರೆದಿದ್ದಾರೆ. ನಾಗಮಂಗಲದ ಸೀಮೆಯ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಗಳ ಮೇಲೆ ೧೭೮೦ರ ಪೊಲ್ಲಿಲೂರಿನ ಯುದ್ಧ ಇನ್ನೂ ನಡೆಯುತ್ತಿದೆ. ಫ್ಲಾರೆನ್ಸಿನ ಒಂದು ಚಿತ್ರಕ್ಕೆ ಗಳಿಗೆಗಟ್ಟಲೆ ಕೊಟ್ಟವನು ಇವುಗಳಲ್ಲಿ ಒಂದಕ್ಕಾದರೂ ಅರ್ಧ ಗಳಿಗೆ ಕೊಟ್ಟಿರುವನೆ?

ಪ್ಯಾಂಥಿಯನ್ನಿನ ಗುಮ್ಮಟವನ್ನು ಕಟ್ಟಿದ ರೋಮನರು ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿಯನ್ನು ಬೆರೆಸುತ್ತಿದ್ದರು. ಬೂದಿ ದೊರೆಯದ ಕಡೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಸೇರಿಸುತ್ತಿದ್ದರು. ಕನ್ನಂಬಾಡಿಯ ಕಟ್ಟೆಯನ್ನು ನಿಲ್ಲಿಸಿದ್ದೂ ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಕೂಡಿಸಿದ ಸುರ್ಕಿ ಗಾರೆಯೇ. ರೋಮಿನಲ್ಲಿ ಬೆರಗಾದವನು ಆ ಬೆರಗಿನ ನೆಂಟನು ತನ್ನ ಊರಿನ ನೀರಿಗೆ ಅಡ್ಡವಾಗಿ ನಿಂತಿರುವುದನ್ನು ತಿಳಿದರೆ, ಇಟಲಿಯೂ ಕಿರಿದಾಗುವುದಿಲ್ಲ, ಊರೂ ಕಿರಿದಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಊರಿನಲ್ಲಿರುವುದೆಲ್ಲ ಚೆನ್ನೆಂದು ಹಾಡುವುದು ಇನ್ನೊಂದು ಬಗೆಯ ಕುರುಡಲ್ಲವೆ? ಬೇರೆ ಕಡೆ ಹಳೆಯ ಕಟ್ಟಡಗಳನ್ನು ಕಾಪಾಡುವ ಎಚ್ಚರವನ್ನು ಕಂಡು ಬಂದವನು, ಇಲ್ಲಿ ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ನೋಡಿ ಸುಮ್ಮನಿರಬೇಕೆ? ಸುಮ್ಮನಿರಬೇಕಾಗಿಲ್ಲ. ಹೋಲಿಕೆ ಪಾಪವಲ್ಲ; ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದನ್ನು ನೋಡಬೇಕು. ೧೯೦೮ರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಸೇವೆಯಿಂದ ಬಿಡುವು ಪಡೆದು ಪಶ್ಚಿಮ ದೇಶಗಳಲ್ಲಿ ಸಂಚರಿಸುತ್ತಿದ್ದರು. ಆ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಹಾಳಾಯಿತು. ನೆರವಾಗಬೇಕೆಂಬ ನಿಜಾಮರ ಸರ್ಕಾರದ ತಂತಿ ಅವರನ್ನು ಮುಟ್ಟಿದಾಗ ಅವರು ಇಟಲಿಯಲ್ಲಿದ್ದರು. ಹಿಂದಿರುಗಿ ಹೈದರಾಬಾದಿನ ಕೆಲಸ ಮಾಡಿ, ೧೯೦೯ರ ಕೊನೆಯಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದರು. ೧೯೧೧ರಲ್ಲಿ ಕನ್ನಂಬಾಡಿಯ ಕೆಲಸ ಮೊದಲಾಯಿತು. ಅವರಷ್ಟು ಹೋಲಿಕೆ ಮಾಡಿದವರು ವಿರಳ; ಆದರೆ ಅವರ ಹೋಲಿಕೆ ಜಗಲಿಯ ಮೇಲಿನ ಹಳಿವಿನಲ್ಲಿ ಮುಗಿಯಲಿಲ್ಲ. ತೆಗಳುವವನು ಪರದೇಶದ ಗಜಕೋಲನ್ನು ನೆರೆಯವನ ಬೆನ್ನಿಗೆ ಬಳಸುತ್ತಾನೆ. ದುಡಿಯುವವನು ಅದನ್ನು ನೆಲ ಅಳೆಯುವುದಕ್ಕೆ ಬಳಸುತ್ತಾನೆ.

ಆ ಕಟ್ಟೆಯೇ ಇನ್ನೊಂದು ಪಾಠವನ್ನು ಹೇಳುತ್ತದೆ. ನೀರು ನಿಂತಾಗ ಹಳೆಯ ಕನ್ನಂಬಾಡಿಯೂ ಸುತ್ತಿನ ಹಳ್ಳಿಗಳೂ ಮುಳುಗಿದುವು. ವೇಣುಗೋಪಾಲನ ಗುಡಿ ಹಲವು ದಶಕಗಳ ಕಾಲ ನೀರಿನೊಳಗಿದ್ದು, ಬರಗಾಲದಲ್ಲಿ ಮಾತ್ರ ಮೇಲೆ ಕಾಣುತ್ತಿತ್ತು. ಈ ಶತಮಾನದಲ್ಲಿ ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದರು. ಗುಡಿ ಬಂತು, ಮನೆಗಳು ಬರಲಿಲ್ಲ. ಇಂದು ನೀರು ೧೨೪.೮೦ ಅಡಿ ಮುಟ್ಟಿತೆಂದರೆ ಮಂಡ್ಯದ ಸೀಮೆಯೆಲ್ಲ ಹಿಗ್ಗುತ್ತದೆ. ಆ ಹಿಗ್ಗಿನ ತಳದಲ್ಲಿ ಮರಳುವ ದಾರಿಯೇ ಇಲ್ಲದವರ ಹೊಸಿಲುಗಳಿವೆ. ಮನೆ ಸಣ್ಣದೆಂದು ಮೂಗು ಮುರಿಯುವ ಪ್ರವಾಸಿ ಇದನ್ನು ನೆನೆಯಬೇಕು. ಮರಳುವುದಕ್ಕೆ ಒಂದು ಮನೆ ಇರುವುದು ಹಕ್ಕಲ್ಲ, ಭಾಗ್ಯ.

ಇನ್ನು, ಎರಡು ನಾಡುಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಉಳಿಯಿತು. ಮೇಲುಕೋಟೆಯ ಪರಂಪರೆಯಲ್ಲಿ ಇದಕ್ಕೊಂದು ಮೌನವಾದ ಉತ್ತರವಿದೆ. ರಾಮಾನುಜಾಚಾರ್ಯರು ಹನ್ನೆರಡು ವರ್ಷ ಅಲ್ಲಿದ್ದು ಶ್ರೀರಂಗಕ್ಕೆ ಮರಳಲು ನಿಂತಾಗ ಶಿಷ್ಯರು ಬಹಳವಾಗಿ ದುಃಖಿಸಿದರಂತೆ. ಆಚಾರ್ಯರು ಅವರ ಸಮಾಧಾನಕ್ಕಾಗಿ ತಮ್ಮ ವಿಗ್ರಹವೊಂದನ್ನು ಅಲ್ಲಿ ಬಿಟ್ಟು ಹೊರಟರೆಂದು ಹೇಳುತ್ತಾರೆ. ಶ್ರೀರಂಗ ಹೆಚ್ಚೋ ಮೇಲುಕೋಟೆ ಹೆಚ್ಚೋ ಎಂಬ ಮಾತು ಆ ಕಥೆಯಲ್ಲಿ ಬರುವುದೇ ಇಲ್ಲ. ಪ್ರೀತಿಯಿದ್ದಲ್ಲಿ ತಕ್ಕಡಿಗೆ ಕೆಲಸವಿಲ್ಲ.

ಕಂಡದ್ದನ್ನು ಹೇಳುವ ಬಗೆಗೂ ಈ ಸೀಮೆಯಲ್ಲಿ ಮೇಲ್ಪಂಕ್ತಿಯುಂಟು. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು ಇಳಿವಯಸ್ಸಿನಲ್ಲಿ ಕಡಲಾಚೆ ಹೋಗಿಬಂದು ಬರೆದ ಪುಸ್ತಕಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದು ಹೆಸರಿಟ್ಟರು. ಹೋದ ದೇಶದ ಹಿರಿಮೆಗಿಂತ ಮೊದಲು ಹೋದವನ ಮುಪ್ಪು ಆ ಹೆಸರಿನಲ್ಲಿದೆ. ಓದುಗನಿಗೆ ತನ್ನ ಮನೆಯ ಹಿರಿಯನೇ ಹೋಗಿಬಂದಂತಾಗುತ್ತದೆ, ಅಸೂಯೆಗೆ ಎಡೆಯಿರುವುದಿಲ್ಲ.

ಆದುದರಿಂದ ಮರಳಿ ಬಂದವನು ಮೊದಲು ಹೇಳತಕ್ಕವನಲ್ಲ, ಕೇಳತಕ್ಕವನು. ತಾಯಿಯ ಎರಡು ತಿಂಗಳ ಸುದ್ದಿ ಮುಗಿಯುವವರೆಗೂ ರೋಮು ಕಾದಿರಲಿ. ಅದು ಎರಡು ಸಾವಿರ ವರ್ಷ ಕಾದ ಊರು. ಜೊತೆಗೆ ಬಂದಿದ್ದ ಗೆಳೆಯನೂ ಅವನೂ ತಮ್ಮ ಗುಟ್ಟಿನ ನಾಡಿಗೆ ಮೂರನೆಯವರನ್ನು ಕೈಹಿಡಿದು ಕರೆತರಲಿ. ಕರೆತರಲಾರದ ನೆನಪನ್ನು ಮೌನವಾಗಿ ಇಟ್ಟುಕೊಳ್ಳಲಿ. ದೂರದಲ್ಲಿ ಕಲಿತ ನೋಟವನ್ನು ಹತ್ತಿರದವರ ಮುಖದ ಮೇಲೆ ಪರೀಕ್ಷಿಸಲಿ. ಆ ಮುಖಗಳೂ ಎಂದೆಂದಿಗೂ ಇರುವಂಥವಲ್ಲ. ನಾಳೆ ಬಿಟ್ಟು ಹೊರಡಬೇಕಾದ ಊರನ್ನು ನೋಡುವಂತೆ ಅವುಗಳನ್ನು ನೋಡಬಲ್ಲವನಿಗೆ ದೇಶಾಟನವು ಸಾರ್ಥಕವಾಯಿತೆಂದು ಹೇಳಬಹುದು.